ಗಿಟಾರ್‌ಗೆ ಕಂಪನದ ಸಾಧನ ಹಾಕಿದರೆ ನಾದ ನಿಜವಾಗಿ ಬಿಚ್ಚಿಕೊಳ್ಳುತ್ತದೆಯೇ?

ಆರುತಂತಿ (ಮೈಸೂರು, ಕುವೆಂಪುನಗರ)

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳ ಹಿಂದೆ ಹೊಸ ಅಕೌಸ್ಟಿಕ್ ಗಿಟಾರ್ ತೆಗೆದುಕೊಂಡೆ. ಎರಡು ವರ್ಷ ದುಡ್ಡು ಕೂಡಿಟ್ಟು ಕೊಂಡದ್ದು. ಟಾಪ್, ಅಂದರೆ ತಂತಿಗಳ ಕೆಳಗಿನ ಮೇಲ್ಹಲಗೆ, ಇಡೀ ಸ್ಪ್ರೂಸ್ ಮರದ್ದು, ಹಿಂಬದಿ ಮತ್ತು ಪಕ್ಕೆ ಬೀಟೆ ಮರ. ದನಿ ಚೆನ್ನಾಗಿದೆ, ಆದರೆ ಬಿಗಿ. ತೆಳು ತಂತಿಗಳು ಖಣ್ ಎನ್ನುತ್ತವೆ. ದಪ್ಪ ತಂತಿ ಮೀಟಿದರೆ ಡಬ್ಬಿಯೊಳಗೆ ಮಾತಾಡಿದ ಹಾಗಿರುತ್ತದೆ. ಹೊಸದು ಹೀಗೇ, ನುಡಿಸುತ್ತಾ ನುಡಿಸುತ್ತಾ ನಾದ ಬಿಚ್ಚಿಕೊಳ್ಳುತ್ತದೆ ಎಂದು ಎಲ್ಲರೂ ಹೇಳಿದರು.

ಹೋದ ವಾರ ಗೆಳೆಯನೊಬ್ಬ ಬೆಂಗಳೂರಿನಿಂದ ಒಂದು ಕಂಪನದ ಸಾಧನ ತಂದುಕೊಟ್ಟ. ಅಂಗೈಯಷ್ಟು ಉದ್ದ. ಕುದುರೆಯ (ಟಾಪ್ ಮೇಲೆ ತಂತಿಗಳನ್ನು ಹೊರುವ ಮರದ ತುಂಡು) ಹತ್ತಿರ ತಂತಿಗಳ ಮೇಲೆ ಸಿಕ್ಕಿಸಿ ಪ್ಲಗ್ ಹಾಕಿದರೆ ಗುಂಯ್ ಎಂದು ನಡುಗುತ್ತಲೇ ಇರುತ್ತದೆ. ದಿನಗಟ್ಟಲೆ ಹಾಗೇ ಬಿಟ್ಟರೆ ಯಾರೋ ವರ್ಷಗಟ್ಟಲೆ ನುಡಿಸಿದ ಹಾಗೆ ಮರ ಪಳಗುತ್ತದಂತೆ. ಮೂರು ದಿನ ಬಿಟ್ಟೆ. ನಾಲ್ಕನೇ ದಿನ ಸಾಧನ ತೆಗೆದು, ಹೊಸ ತಂತಿ ಹಾಕಿ, ಜಿ ಕಾರ್ಡ್ ಮೀಟಿದೆ. ಮೈ ಜುಂ ಎಂದಿತು. ಹೆಂಡತಿಯನ್ನು ಅಡುಗೆಮನೆಯಿಂದ ಕರೆದು ಕೇಳಿಸಿದೆ. ಅವಳೂ ಹೌದು, ತುಂಬಿಕೊಂಡಿದೆ ಎಂದಳು.

ರಾತ್ರಿ ಮಲಗಿದಾಗ ತಲೆಗೆ ಬಂತು. ತಂತಿಯನ್ನೂ ಅದೇ ದಿನ ಬದಲಾಯಿಸಿದ್ದೆನಲ್ಲ! ಹಾಗಾದರೆ ದನಿ ಬದಲಾದದ್ದು ಯಾವುದರಿಂದ? ಸಾಧನ ಇನ್ನೂ ಎರಡು ವಾರ ನನ್ನ ಹತ್ತಿರ ಇರುತ್ತದೆ. ಚೆನ್ನಾಗಿದ್ದರೆ ನಾನೂ ಒಂದು ತರಿಸಬೇಕೆಂದಿದ್ದೇನೆ. ಬಳಸಿದವರು, ಮರದ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ.

ವೀಣೆಮನೆ (ಮೈಸೂರು, ಅಗ್ರಹಾರ)

ನನಗೆ ಗಿಟಾರ್ ಗೊತ್ತಿಲ್ಲ. ಮೂವತ್ತು ವರ್ಷದಿಂದ ವೀಣೆ ಹೇಳಿಕೊಡುತ್ತಿದ್ದೇನೆ. ನಮ್ಮಲ್ಲೂ ಇದೇ ಮಾತು. ನುಡಿಸದೆ ಇಟ್ಟರೆ ವೀಣೆ ಮಲಗಿಬಿಡುತ್ತದೆ, ನುಡಿಸಿದರೆ ಏಳುತ್ತದೆ ಎನ್ನುತ್ತೇವೆ.

ನಮ್ಮ ಅತ್ತೆಯವರ ವೀಣೆ ಹಲಸಿನ ಮರದ್ದು. ಅವರು ಹೋದ ಮೇಲೆ ಒಂಬತ್ತು ವರ್ಷ ಗವಸಿನೊಳಗೇ ಇತ್ತು. ತೆಗೆದು ಮೀಟಿದಾಗ ನನಗೆ ಅಳು ಬಂತು, ಅಷ್ಟು ಮಂಕು. ಮೇಳ ಕಟ್ಟುವವರನ್ನು, ಅಂದರೆ ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುವವರನ್ನು, ಕರೆಸಿದೆ. ಅವರು ಹಳೆಯ ಮೇಣ ಕಿತ್ತು, ಹೊಸ ಮೇಣ ಹಾಕಿ, ಮೆಟ್ಟಿಲುಗಳನ್ನೆಲ್ಲ ಮತ್ತೆ ಕೂರಿಸಿ, ಹೊಸ ತಂತಿ ಏರಿಸಿದರು. ದಿನಾ ಎರಡು ಗಂಟೆ ನುಡಿಸಿದೆ. ತಿಂಗಳಲ್ಲಿ ಅತ್ತೆಯವರ ಕಾಲದ ನಾದ ಬಂತು. ನಾದ ಬಂದದ್ದು ನುಡಿಸಿದ್ದರಿಂದ ಎಂದೇ ಇಷ್ಟು ದಿನ ಎಲ್ಲರಿಗೂ ಹೇಳುತ್ತಿದ್ದೆ. ಈಗ ನಿಮ್ಮ ಪ್ರಶ್ನೆ ಓದಿದ ಮೇಲೆ ಯೋಚನೆ ಬಂತು. ಮೇಣ ಹಳೆಯದಾಗಿ ಬಿರುಕು ಬಿಟ್ಟಿತ್ತು. ತಂತಿ ತುಕ್ಕು ಹಿಡಿದಿತ್ತು. ಅವೆರಡೂ ಬದಲಾದವು. ಮರದ ಪಾಲು ಎಷ್ಟು ಎಂದು ನಾನು ಹೇಗೆ ಹೇಳಲಿ?

ಇನ್ನೊಂದು ಮಾತು. ನಮ್ಮ ತಿರುಮಕೂಡಲಿನ ಟಿ. ಚೌಡಯ್ಯನವರು ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಪಿಟೀಲು ಕೇಳಬೇಕೆಂದು ಏಳು ತಂತಿ ಮಾಡಿಕೊಂಡರು. ದನಿ ದೊಡ್ಡದು ಮಾಡಲು ಅವರು ಕೈ ಹಾಕಿದ್ದು ತಂತಿಗೆ. ನೀವೂ ತಂತಿಯನ್ನು ಸುಮ್ನೆ ಬಿಡಬೇಡಿ, ಮೊದಲು ಅದನ್ನೇ ವಿಚಾರಿಸಿ.

ಲ್ಯಾಬ್‌ಮೇಷ್ಟ್ರು (ಮಂಡ್ಯ)

ಒಳ್ಳೆಯ ಪ್ರಶ್ನೆ. ಇದರ ಮೇಲೆ ನಿಜವಾಗಿಯೂ ಕೆಲಸ ಆಗಿದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಸಾಧನದ ಪರ. 1996ರಲ್ಲಿ ಹಂಟ್ ಮತ್ತು ಬಾಲ್ಸನ್ ಎಂಬುವವರು ನೇಚರ್ ಪತ್ರಿಕೆಯಲ್ಲಿ ಒಂದು ಚಿಕ್ಕ ಬರಹ ಪ್ರಕಟಿಸಿದರು. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಮರದ ಪಟ್ಟಿಯನ್ನು ಕಂಪಿಸುತ್ತಾ ಇಟ್ಟರೆ ಅದು ಸ್ವಲ್ಪ ಗಟ್ಟಿಯಾಗುತ್ತದೆ, ಕಂಪನವನ್ನು ನುಂಗುವುದೂ ಕಡಿಮೆಯಾಗುತ್ತದೆ ಎಂದು ತೋರಿಸಿದರು. ಕಂಪನವನ್ನು ಕಡಿಮೆ ನುಂಗುವ ಮರದಲ್ಲಿ ದನಿ ಜಾಸ್ತಿ ಹೊತ್ತು ನಿಲ್ಲುತ್ತದೆ. ಹಾಗಾಗಿ ಇದು ಬುಡವಿಲ್ಲದ ಮಾತೇನಲ್ಲ. ಆದರೆ ಅದು ಪ್ರಯೋಗಶಾಲೆಯ ಮರದ ಪಟ್ಟಿ. ಅಂಟು, ಪಾಲಿಶ್, ಒಳಗಿನ ಪಟ್ಟಿಗಳು, ಆರು ತಂತಿಯ ಎಳೆತ, ಎಲ್ಲ ಸೇರಿದ ಗಿಟಾರ್ ಅಲ್ಲ.

ಇನ್ನು ಇಡೀ ವಾದ್ಯದ ಮೇಲೆ ನಡೆದದ್ದು. ಆಸ್ಟ್ರೇಲಿಯಾದಲ್ಲಿ ಒಬ್ಬರೇ ಕುಶಲಕರ್ಮಿ ಒಂದೇ ಬಗೆಯ ಮರದಿಂದ ಎರಡು ಪಿಟೀಲು ಮಾಡಿದರು. ಒಂದನ್ನು ಸಿಡ್ನಿಯ ಪವರ್‌ಹೌಸ್ ಮ್ಯೂಸಿಯಂನಲ್ಲಿ ಹದವಾದ ಹವೆಯಲ್ಲಿ ಇಟ್ಟರು, ಅದನ್ನು ನುಡಿಸಿದ್ದು ತೀರಾ ಅಪರೂಪ. ಇನ್ನೊಂದನ್ನು ವೃತ್ತಿಯ ವಾದಕರೊಬ್ಬರು ದಿನವೂ ಎಂಬಂತೆ ನುಡಿಸಿದರು. ಮೂರು ವರ್ಷದ ಮೇಲೆ ಪಕ್ಕಪಕ್ಕ ಇಟ್ಟು ನುಡಿಸಿದರು, ಕೇಳಿದರು. ಲೆಕ್ಕಕ್ಕೆ ಸಿಗುವಂಥ ವ್ಯತ್ಯಾಸ ಕಾಣಲಿಲ್ಲ. 2005ರಲ್ಲಿ ಅದು ಪ್ರಕಟವಾಯಿತು.

2014ರಲ್ಲಿ ಸವಾರ್ ಜರ್ನಲ್ ಎಂಬ ತಂತಿವಾದ್ಯ ವಿಜ್ಞಾನದ ಪತ್ರಿಕೆಯಲ್ಲಿ ಗಿಟಾರ್ ಮೇಲೇ ಒಂದು ಲೇಖನ ಬಂತು. ಒಂದೇ ಮಾದರಿಯ ಎರಡೆರಡು ಗಿಟಾರ್, ಹೀಗೆ ಮೂರು ಜೋಡಿ. ಪ್ರತಿ ಜೋಡಿಯಲ್ಲಿ ಒಂದಕ್ಕೆ ಮಾತ್ರ ಟೋನ್‌ರೈಟ್ ಎಂಬ ಕಂಪನದ ಸಾಧನ ಹಾಕಿದರು. ಅನುಭವಿ ವಾದಕರಿಂದ ಅಂಕ ಹಾಕಿಸಿದರು, ಯಂತ್ರದಿಂದಲೂ ಅಳೆದರು. ಎರಡರಲ್ಲೂ ಸಾಧನದಿಂದಲೇ ಆಯಿತು ಎನ್ನುವಂಥ ಬದಲಾವಣೆ ಸಿಗಲಿಲ್ಲ.

ಇದಕ್ಕೆ ಕಾರಣ ಏನಿರಬಹುದು? ನನ್ನ ಊಹೆ ಹೇಳುತ್ತೇನೆ. ಇಂಥ ಸಾಧನಗಳು ಸಾಮಾನ್ಯವಾಗಿ ಮನೆಯ ಕರೆಂಟಿನ ಲಯಕ್ಕೆ ನಡುಗುತ್ತವೆ. ನಮ್ಮಲ್ಲಿ ಅದು ಸೆಕೆಂಡಿಗೆ 50 ಸಲ, ಅಮೆರಿಕದಲ್ಲಿ 60. ಗಿಟಾರಿನ ಅತಿ ದಪ್ಪ ತಂತಿಯೇ 82ರಲ್ಲಿ ಶುರುವಾಗುತ್ತದೆ, ಐದನೆಯದು 110, ತೆಳು ತಂತಿ 330ರ ಹತ್ತಿರ. ದೊಡ್ಡ ಗಿಟಾರಿನ ಹೊಟ್ಟೆಯ ಗಾಳಿ ಸುಮಾರು 100ರಲ್ಲಿ ಗುಂಯ್ಗುಡುತ್ತದೆ, ಟಾಪ್ 200ರ ಆಸುಪಾಸಿನಲ್ಲಿ ಜೋರಾಗಿ ಅಲ್ಲಾಡುತ್ತದೆ. ಅಂದರೆ ಸಾಧನದ ಮೂಲ ಕಂಪನ ಗಿಟಾರ್ ತಾನಾಗಿ ಅಲ್ಲಾಡುವ ಜಾಗಕ್ಕಿಂತ ಕೆಳಗಿದೆ. ಅದರ ಜೊತೆಗೆ ಹುಟ್ಟುವ ಎರಡು, ಮೂರು, ನಾಲ್ಕು ಪಟ್ಟಿನ ಕಂಪನಗಳು, 100, 150, 200, ತಾಗುತ್ತವೆ ನಿಜ. ಆದರೆ ನೀವು ಬಲವಾಗಿ ಸ್ಟ್ರಮ್ ಮಾಡಿದಾಗ ಎಲ್ಲ ಜಾಗವೂ ಒಟ್ಟಿಗೆ ಅಲ್ಲಾಡುತ್ತದಲ್ಲ, ಅಷ್ಟು ಹರವು ಇದಕ್ಕಿಲ್ಲ.

ಮನೆಯಲ್ಲೇ ನೋಡಬೇಕಾದರೆ ಟಾಪ್ ಮೇಲೆ ಒಂದು ಚಿಟಿಕೆ ಚಿರೋಟಿ ರವೆ ಉದುರಿಸಿ ನೋಡಿ. ನಾನು ಮಕ್ಕಳಿಗೆ ತಗಡಿನ ಮೇಲೆ ಇದೇ ಮಾಡಿ ತೋರಿಸುತ್ತೇನೆ. ಎಲ್ಲಿ ಅಲ್ಲಾಟ ಇದೆಯೋ ಅಲ್ಲಿಂದ ರವೆ ಓಡುತ್ತದೆ, ಎಲ್ಲಿ ಇಲ್ಲವೋ ಅಲ್ಲಿ ಕೂರುತ್ತದೆ.

ನಾಲೆಬದಿ (ಮಂಡ್ಯ)

ಮೇಷ್ಟ್ರೇ, ನೀವು ಹೇಳಿದ್ದೆಲ್ಲ ಓದಿದೆ. ನನ್ನ ಅನುಭವ ಬೇರೆ. ಸಾಧನ ಕೊಳ್ಳಲು ದುಡ್ಡಿರಲಿಲ್ಲ, ಮೀನಿನ ತೊಟ್ಟಿಗೆ ಹಾಕುವ ಗಾಳಿ ಪಂಪ್ ಮನೆಯಲ್ಲಿತ್ತು. ಅದನ್ನು ಹಳೆಯ ಬನಿಯನ್ ಬಟ್ಟೆಯಲ್ಲಿ ಸುತ್ತಿ, ಕುದುರೆಯ ಮೇಲೆ ರಬ್ಬರ್ ಬ್ಯಾಂಡ್ ಹಾಕಿ ಕೂರಿಸಿದೆ. ಆಷಾಢದಲ್ಲಿ ಇಪ್ಪತ್ತು ರಾತ್ರಿ ಓಡಿಸಿದೆ. ಅಮ್ಮನಿಗೆ ನಿದ್ದೆ ಬರಲ್ಲ ಎಂದು ಕೊನೆಗೆ ಹಿತ್ತಲ ಕೋಣೆಗೆ ಸಾಗಿಸಿದೆ. ದನಿ ಗುಂಡಗಾಯಿತು. ಮೊದಲು ಇದ್ದ ಚೂಪು ಹೋಯಿತು. ಇದು ನನ್ನ ಕಿವಿಯಾಣೆ ಸತ್ಯ.

ಬೀಟೆಮರ (ಮೈಸೂರು)

ನಾಲೆಬದಿಯವರೇ, ಒಂದು ಕೇಳಲಾ? ಆ ಇಪ್ಪತ್ತು ದಿನದಲ್ಲಿ ತಂತಿ ಫ್ರೆಟ್‌ಬೋರ್ಡ್‌ನಿಂದ, ಅಂದರೆ ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳಿರುವ, ಬೆರಳೊತ್ತುವ ಹಲಗೆಯಿಂದ, ಮೇಲೆದ್ದಿತಾ? ಕುದುರೆ ಹಿಂದೆ ಟಾಪ್ ಸ್ವಲ್ಪ ಉಬ್ಬಿತಾ?

ನಾಲೆಬದಿ (ಮಂಡ್ಯ)

ಹೌದು ಅಣ್ಣ. ಹನ್ನೆರಡನೇ ಫ್ರೆಟ್ ಹತ್ತಿರ ಒತ್ತಲು ಬೆರಳು ನೋಯುತ್ತಿತ್ತು. ಪಂಪಿನ ಭಾರಕ್ಕೆ ಎಂದುಕೊಂಡಿದ್ದೆ.

ಬೀಟೆಮರ (ಮೈಸೂರು)

ಅದು ಪಂಪಿನ ಭಾರ ಅಲ್ಲ, ಮಳೆಯ ತೇವ. ನಮ್ಮ ಮನೆತನ ಬೀಟೆ ಮರದ ಇನ್‌ಲೇ ಕೆಲಸದ್ದು, ಮರ ಕೆತ್ತಿ ಅದರೊಳಗೆ ತುಂಡು ಕೂರಿಸುವ ಕೆಲಸ. ಮರ ನೀರು ಕುಡಿಯುವುದನ್ನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಫೆಬ್ರವರಿಯಲ್ಲಿ ಕೂರಿಸಿದ ತುಂಡು ಜುಲೈನಲ್ಲಿ ಉಬ್ಬಿ ಅಂಚು ಬೆರಳಿಗೆ ಸಿಗುತ್ತದೆ. ಗಿಟಾರಿನ ಟಾಪ್ ಮೂರು ಮಿಲಿಮೀಟರ್‌ಗಿಂತ ತೆಳು. ನೀವು ಇರುವುದು ನಾಲೆ ಪಕ್ಕ, ಸುತ್ತ ಗದ್ದೆ, ಕಬ್ಬು. ಅಲ್ಲಿ ಆಷಾಢದಲ್ಲಿ ಟಾಪ್ ಉಬ್ಬದೆ ಇರುತ್ತಾ? ತೇವ ಕುಡಿದ ಮರ ಮೆತ್ತಗಾಗುತ್ತದೆ, ಕಂಪನವನ್ನು ಜಾಸ್ತಿ ನುಂಗುತ್ತದೆ, ಚೂಪು ದನಿ ಮೊದಲು ಹೋಗುತ್ತದೆ. ನೀವು ಗುಂಡಗಾಯಿತು ಎಂದಿರಲ್ಲ, ಅದು ಇದೇ ಇರಬೇಕು. ನಿಮ್ಮ ಕಿವಿ ಸುಳ್ಳು ಹೇಳಿಲ್ಲ. ದನಿ ಬದಲಾಗಿದೆ. ಬದಲಾಯಿಸಿದ್ದು ಯಾರು ಎಂಬುದಷ್ಟೇ ಪ್ರಶ್ನೆ.

ಬಿಸಿಲುಗಾಲದಲ್ಲಿ ಇದರ ಉಲ್ಟಾ. ಟಾಪ್ ಕುಗ್ಗಿ ತಗ್ಗುತ್ತದೆ, ತಂತಿ ಫ್ರೆಟ್‌ಗೆ ತಾಗಿ ಝರ್ ಎನ್ನುತ್ತದೆ, ಫ್ರೆಟ್‌ಗಳ ತುದಿ ಹಲಗೆಯಿಂದ ಹೊರಗೆ ಬಂದು ಅಂಗೈಗೆ ಚುಚ್ಚುತ್ತದೆ. ಇನ್ನೂ ಒಣಗಿದರೆ ಟಾಪ್ ಬಿರಿಯುತ್ತದೆ. ಗಿಟಾರ್ ಮಾಡುವವರು ಗಾಳಿಯಲ್ಲಿ ನೂರಕ್ಕೆ 45ರಿಂದ 55ರಷ್ಟು ತೇವ ಇರಲಿ ಎನ್ನುವುದು ಇದಕ್ಕೇ.

ಮರವನ್ನು ಬೇಗ ಹಳೆಯದು ಮಾಡುವ ದಾರಿ ಇಲ್ಲವೇ ಇಲ್ಲ ಎಂದೇನಲ್ಲ. ಆಮ್ಲಜನಕ ತೆಗೆದ ಒಲೆಯಲ್ಲಿ ಹಲಗೆಯನ್ನು ಬೇಯಿಸುತ್ತಾರೆ. ಯಮಹಾದವರು ಶಾಖ, ತೇವ, ಒತ್ತಡ ಮೂರನ್ನೂ ಹಿಡಿತದಲ್ಲಿಟ್ಟು ಮಾಡುವ ಪದ್ಧತಿಗೆ ಎ.ಆರ್.ಇ. ಎಂದು ಹೆಸರಿಟ್ಟಿದ್ದಾರೆ. ಅಲ್ಲಿ ಮರದೊಳಗಿನ ಪದಾರ್ಥವೇ ಬದಲಾಗುತ್ತದೆ, ಆಮೇಲೆ ಅದು ನೀರನ್ನೂ ಕಡಿಮೆ ಕುಡಿಯುತ್ತದೆ. ಆದರೆ ಅದನ್ನು ಗಿಟಾರ್ ಕಟ್ಟುವ ಮೊದಲು, ಬರೀ ಹಲಗೆಗೆ ಮಾಡಬೇಕು. ಕಟ್ಟಿ ಪಾಲಿಶ್ ಆದ ಗಿಟಾರನ್ನು ನಡುಗಿಸುವುದು ಬೇರೆ ಸಂಗತಿ.

ಆರುತಂತಿಯವರೇ, ನಿಮ್ಮ ಗಿಟಾರಿನ ಬೆನ್ನು ಬೀಟೆ ಎಂದಿರಿ. ಅಮೆರಿಕದ ಮಾರ್ಟಿನ್ ಗಿಟಾರ್ ಕಂಪನಿ 1969ರಲ್ಲಿ ಬ್ರೆಜಿಲ್‌ನ ಬೀಟೆ ಬಿಟ್ಟು ನಮ್ಮ ದೇಶದ ಬೀಟೆಗೆ ಬಂತು. ಆಮೇಲೆ ಲೋಕದ ಎಷ್ಟೋ ಒಳ್ಳೆಯ ಗಿಟಾರ್‌ಗಳ ಬೆನ್ನು ನಮ್ಮ ಪಶ್ಚಿಮ ಘಟ್ಟದ ಕಡೆಯ ಮರವೇ. ಅಂಥದ್ದು ಮನೆಗೆ ಬಂದಿದೆ, ಹವೆ ನೋಡಿಕೊಳ್ಳಿ.

ಹೊಸಗಿಟಾರ್ (ಮಂಡ್ಯ)

ನಾನು ಹಾಸ್ಟೆಲ್‌ನಲ್ಲಿದ್ದೇನೆ, ಎರಡನೇ ವರ್ಷ. ನನ್ನದು ಆರೂವರೆ ಸಾವಿರದ ಪ್ಲೈ ಗಿಟಾರ್. ದನಿ ತುಂಬಾ ಮಂದ. ಈ ಸಾಧನಕ್ಕೆ ದುಡ್ಡು ಸೇರಿಸುತ್ತಿದ್ದೆ. ಬೇಡ ಅಂತೀರಾ?

ಬೀಟೆಮರ (ಮೈಸೂರು)

ಬೇಡ ಮಗಾ. ಪ್ಲೈ ಅಂದರೆ ತೆಳು ಪದರಗಳನ್ನು ಅಡ್ಡ ಉದ್ದ ಅಂಟಿಸಿದ್ದು. ಅದು ಗಟ್ಟಿಮುಟ್ಟು, ಹಾಸ್ಟೆಲ್‌ಗೆ ಒಳ್ಳೆಯದೇ. ಆದರೆ ನಡುಗಿಸಿದರೆ ನಾದ ಹುಟ್ಟುತ್ತದೆ ಎಂದು ಅದರಿಂದ ಬಯಸಬೇಡ. ತಂತಿ ಹಾಕಿ ಎಷ್ಟು ದಿನ ಆಯಿತು?

ಹೊಸಗಿಟಾರ್ (ಮಂಡ್ಯ)

ಕೊಂಡಾಗ ಇದ್ದದ್ದೇ ಸರ್. ಒಂದೂವರೆ ವರ್ಷ.

ವೀಣೆಮನೆ (ಮೈಸೂರು, ಅಗ್ರಹಾರ)

ಅಯ್ಯೋ ಮಗು, ಮೊದಲು ತಂತಿ ಬದಲಾಯಿಸು.

ಆರುತಂತಿ (ಮೈಸೂರು, ಕುವೆಂಪುನಗರ)

ಎಲ್ಲರಿಗೂ ಧನ್ಯವಾದ. ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಮನೆಯಲ್ಲೇ ಪರೀಕ್ಷೆ ಶುರು ಮಾಡಿದ್ದೇನೆ. ಒಂದು ತೇವದ ಮೀಟರ್ ತಂದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಕುರ್ಚಿಯ ನಾಲ್ಕು ಕಾಲಿಗೂ ಫೋನ್ ಸ್ಟ್ಯಾಂಡಿಗೂ ಗುರುತು ಹಾಕಿದೆ. 12 ಗೇಜಿನ ಫಾಸ್ಫರ್ ಬ್ರಾಂಜ್ ತಂತಿಯ ಎರಡು ಸೆಟ್, ಎರಡೂ ಒಂದೇ ಕಂಪನಿಯದು. ಒಂದು ಸೆಟ್ ಹಾಕಿ, ಒಂದು ಗಂಟೆ ನುಡಿಸಿ, ರೆಕಾರ್ಡ್ ಮಾಡಿದೆ. ಈಗ ಸಾಧನ ಹಾಕಿದ್ದೇನೆ. ಒಂಬತ್ತು ದಿನ ಬಿಡುತ್ತೇನೆ. ಆಮೇಲೆ ಎರಡನೇ ಸೆಟ್ ಹಾಕಿ, ಅಷ್ಟೇ ಹೊತ್ತು ನುಡಿಸಿ, ಮತ್ತೆ ರೆಕಾರ್ಡ್. ಮೇಷ್ಟ್ರೇ, ಇದು ಸರಿಯಾ?

ಲ್ಯಾಬ್‌ಮೇಷ್ಟ್ರು (ಮಂಡ್ಯ)

ತುಂಬಾ ಚೆನ್ನಾಗಿದೆ. ಎರಡು ಮಾತು ಸೇರಿಸುತ್ತೇನೆ. ಕೇಳುವವರಿಗೆ ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ಗೊತ್ತಾಗಬಾರದು. ಪ್ರತಿ ಸಲ ನಾಣ್ಯ ಚಿಮ್ಮಿ ಯಾವುದನ್ನು ಮೊದಲು ಕೇಳಿಸಬೇಕು ಎಂದು ತೀರ್ಮಾನಿಸಿ. ಅದನ್ನು ಕೇಳಿಸುವವರೂ ನೀವಾಗಬೇಡಿ, ನಿಮ್ಮ ಮುಖ ನೋಡಿಯೇ ಊಹಿಸಿಬಿಡುತ್ತಾರೆ. ಎರಡನೆಯದು, ಹಳೆಯ ತಂತಿಯ ರೆಕಾರ್ಡ್ ಒಂದನ್ನೂ ಇಟ್ಟುಕೊಳ್ಳಿ. ತಂತಿಯ ವ್ಯತ್ಯಾಸ ಗುರುತಿಸಿ, ಸಾಧನದ್ದನ್ನು ಗುರುತಿಸದೆ ಹೋದರೆ ಕಿವಿಯ ತಪ್ಪಲ್ಲ ಎಂದು ಗೊತ್ತಾಗುತ್ತದೆ. ಎರಡು ಸಲವೂ ಮೀಟರ್ ಒಂದೇ ಅಂಕಿ ತೋರಿಸುವ ದಿನ ನೋಡಿ ರೆಕಾರ್ಡ್ ಮಾಡಿ.

ಆರುತಂತಿ (ಮೈಸೂರು, ಕುವೆಂಪುನಗರ)

ಇವತ್ತು ರವೆ ಪರೀಕ್ಷೆ ಮಾಡಿದೆ. ಗಿಟಾರನ್ನು ಊಟದ ಮೇಜಿನ ಮೇಲೆ ಟವೆಲ್ ಹಾಸಿ ಮಲಗಿಸಿದೆ. ಸೌಂಡ್‌ಹೋಲ್‌ಗೆ ಕಾಗದ ಮುಚ್ಚಿ, ಟಾಪ್ ಮೇಲೆಲ್ಲ ಚಿರೋಟಿ ರವೆ ತೆಳ್ಳಗೆ ಉದುರಿಸಿದೆ. ಸಾಧನವನ್ನು ಪೂರ್ತಿ ಜೋರಿಗೆ ಇಟ್ಟೆ. ಕುದುರೆಯ ಸುತ್ತ ನಾಲ್ಕು ಬೆರಳಿನಷ್ಟು ಜಾಗದಲ್ಲಿ ರವೆ ಇರುವೆ ಸಾಲಿನ ಹಾಗೆ ಮೆಲ್ಲಗೆ ತೆವಳಿತು. ಅಂಚಿನಲ್ಲಿದ್ದದ್ದು ಬಿದ್ದಲ್ಲೇ ಇತ್ತು. ಹದಿನೈದು ನಿಮಿಷ ನೋಡಿದೆ, ಅಷ್ಟೇ.

ಸಾಧನ ತೆಗೆದು ಐದನೇ ತಂತಿಯನ್ನು ಬಲವಾಗಿ ಮೀಟಿದೆ. ಒಂದೇ ಏಟಿಗೆ ಕುದುರೆ ಹಿಂದಿನ ರವೆ ಚಂಗನೆ ಹಾರಿ ಬರಿದಾಯಿತು. ಮಗಳು ಚಪ್ಪಾಳೆ ತಟ್ಟಿದಳು. ಆಮೇಲೆ ಫೋನಿನ ಟೋನ್ ಆಪ್‌ಗೆ ಸ್ಪೀಕರ್ ಜೋಡಿಸಿ, ಟಾಪ್‌ನಿಂದ ಗೇಣುದ್ದ ಮೇಲೆ ಹಿಡಿದು, ಸ್ವರವನ್ನು ನಿಧಾನ ಏರಿಸುತ್ತಾ ಹೋದೆ. 190 ದಾಟುವಾಗ ರವೆ ಎದ್ದು ಕುಣಿಯಿತು. ಅಂಚಿನ ಒಳಗೆ ಬಾಳೆಲೆಯ ಮೇಲೆ ಕೋಸಂಬರಿ ಸುತ್ತು ಇಟ್ಟ ಹಾಗೆ ಉಂಗುರ ಕಟ್ಟಿತು. ಇಷ್ಟು ದಿನ ನನ್ನ ಗಿಟಾರ್ ಎಲ್ಲಿ ಉಸಿರಾಡುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

ನಾಲೆಬದಿ (ಮಂಡ್ಯ)

ಅಣ್ಣ, ರವೆ ಹಾರದಿದ್ದರೂ ಒಳಗೆ ಮರಕ್ಕೆ ಏನೋ ಆಗುತ್ತಿರಬಹುದಲ್ವಾ? ಒಂಬತ್ತು ದಿನ ಬಿಡದೆ ನಡುಗಿದರೆ ಸಣ್ಣದೂ ಸೇರಿ ದೊಡ್ಡದಾಗುತ್ತದೆ. ಹನಿ ಹನಿ ಬಿದ್ದು ಕಲ್ಲು ಸವೆಯುವುದಿಲ್ಲವಾ?

ಲ್ಯಾಬ್‌ಮೇಷ್ಟ್ರು (ಮಂಡ್ಯ)

ನ್ಯಾಯವಾದ ಮಾತು. ರವೆ ತೋರಿಸುವುದು ಎಷ್ಟು ಅಲ್ಲಾಡುತ್ತಿದೆ ಎಂಬುದನ್ನು ಮಾತ್ರ. ಅದಕ್ಕೇ ಕೊನೆಯ ಮಾತು ಕಿವಿಯ ಪರೀಕ್ಷೆಯದ್ದು. ಅಲ್ಲಿಯವರೆಗೆ ಕಾಯೋಣ.

ಆರುತಂತಿ (ಮೈಸೂರು, ಕುವೆಂಪುನಗರ)

ಪರೀಕ್ಷೆ ಮುಗಿಯಿತು. ಎರಡು ಸಲವೂ ಮೀಟರ್ 53ರಲ್ಲಿತ್ತು. ಕೇಳಿದವರು ಮೂರು ಜನ. ನನ್ನ ಹೆಂಡತಿ, ಪಕ್ಕದ ಮನೆಯ ಕೀಬೋರ್ಡ್ ಕಲಿಯುವ ಹುಡುಗಿ, ಮತ್ತೆ ನಾನು. ನಾಣ್ಯ ಚಿಮ್ಮಿ ಕೇಳಿಸಿದ್ದು ಮಗಳು, ನಾವು ಗೋಡೆ ಕಡೆ ಮುಖ ಮಾಡಿ ಕೂತಿದ್ದೆವು. ಒಬ್ಬೊಬ್ಬರಿಗೆ ಹತ್ತು ಸಲ.

ಹಳೆಯ ತಂತಿ ಮತ್ತು ಹೊಸ ತಂತಿ ಯಾವುದೆಂದು ಮೂವರೂ ಹತ್ತಕ್ಕೆ ಹತ್ತು ಹೇಳಿದೆವು. ಒಂದು ಸಲವೂ ತಡವರಿಸಲಿಲ್ಲ.

ಸಾಧನ ಹಾಕುವ ಮೊದಲಿನದು ಯಾವುದು, ಆಮೇಲಿನದು ಯಾವುದು ಎಂಬುದಕ್ಕೆ ಹೆಂಡತಿ ಐದು ಸರಿ, ಹುಡುಗಿ ಆರು, ನಾನು ನಾಲ್ಕು. ಈ ಗಿಟಾರನ್ನು ದಿನಾ ತೊಡೆ ಮೇಲೆ ಇಟ್ಟುಕೊಳ್ಳುವವನು ನಾನು. ನನಗೇ ಗೊತ್ತಾಗಲಿಲ್ಲ. ನಾಣ್ಯವೇ ಉತ್ತರ ಹೇಳಿದ್ದರೂ ಇಷ್ಟೇ ಬರುತ್ತಿತ್ತು.

ಮೊದಲ ದಿನ ಮೈ ಜುಂ ಎಂದದ್ದು ಹೊಸ ತಂತಿಗೆ. ಅದರಲ್ಲಿ ನನಗೆ ಈಗ ಅನುಮಾನ ಉಳಿದಿಲ್ಲ. ಗಿಟಾರ್ ಒಂದು, ಮನೆ ಒಂದು, ಒಂಬತ್ತು ದಿನ ಅಷ್ಟೇ, ಒಪ್ಪುತ್ತೇನೆ. ಆದರೆ ಮೇಷ್ಟ್ರು ಹೇಳಿದ ಆ ಮೂರು ಜೋಡಿ ಗಿಟಾರ್‌ಗಳ ಮಾತೂ ಇದೇ ದಿಕ್ಕಿನಲ್ಲಿದೆ. ನಾನು ಸಾಧನ ಕೊಳ್ಳುವುದಿಲ್ಲ.

ನಾಲೆಬದಿ (ಮಂಡ್ಯ)

ನೀವು ಇಷ್ಟು ಶ್ರದ್ಧೆಯಿಂದ ಮಾಡಿದ್ದಕ್ಕೆ ಕೈ ಮುಗಿಯುತ್ತೇನೆ ಅಣ್ಣ. ನನ್ನ ಗಿಟಾರನ್ನು ಪೆಟ್ಟಿಗೆಗೆ ಹಾಕಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಹನ್ನೆರಡು ದಿನ ಆಯಿತು. ಟಾಪ್ ಇಳಿದಿದೆ. ಒತ್ತಲು ಸಲೀಸು. ಹಳೆಯ ಚೂಪು ದನಿ ವಾಪಸ್ ಬಂದಿದೆ. ಬೀಟೆಮರದವರು ಹೇಳಿದ್ದೇ ಸರಿ. ಆದರೂ ಒಂದು ಮಾತು ಬಿಡಲಾರೆ. ಅಪ್ಪನ ಕಾಲದ ಗಿಟಾರ್ ಒಂದು ನಮ್ಮಲ್ಲಿದೆ, ಮೂವತ್ತೈದು ವರ್ಷದ್ದು. ಅದರ ದನಿ ಯಾವ ಹೊಸ ಗಿಟಾರ್‌ಗೂ ಬರುವುದಿಲ್ಲ. ವಯಸ್ಸಿಗೆ ಬೆಲೆ ಇದೆ.

ಬೀಟೆಮರ (ಮೈಸೂರು)

ಇದೆ, ಯಾರು ಇಲ್ಲ ಅಂದರು? ಮೂವತ್ತೈದು ವರ್ಷದಲ್ಲಿ ಮರ ಎಷ್ಟೋ ಮಳೆ ಬಿಸಿಲು ಕಂಡು ಒಂದು ಹದಕ್ಕೆ ಬಂದಿರುತ್ತದೆ. ಪಾಲಿಶ್ ಒಣಗಿ ತೆಳುವಾಗಿರುತ್ತದೆ. ಆ ಹದ ಒಂಬತ್ತು ದಿನದ ಪ್ಲಗ್ಗಿನಿಂದ ಬರುವುದಿಲ್ಲ ಎಂಬುದಷ್ಟೇ ನನ್ನ ಮಾತು.

ವೀಣೆಮನೆ (ಮೈಸೂರು, ಅಗ್ರಹಾರ)

ಅಪ್ಪ ನುಡಿಸುತ್ತಿದ್ದ ಗಿಟಾರಿನ ದನಿಯಲ್ಲಿ ಅಪ್ಪನೂ ಕೇಳಿಸುತ್ತಾರೆ. ಅತ್ತೆಯವರ ವೀಣೆ ಮೀಟುವಾಗ ನನಗೂ ಹಾಗೇ. ಅದನ್ನು ಜೋಪಾನ ಮಾಡಿ. ಮತ್ತೆ ಆರುತಂತಿಯವರೇ, ಮೂರು ತಿಂಗಳಲ್ಲಿ ನಿಮ್ಮ ಕೈಯೂ ಆ ಗಿಟಾರ್‌ಗೆ ಹೊಂದಿಕೊಂಡಿದೆ. ಎಲ್ಲಿ ಮೀಟಿದರೆ ತುಂಬಿ ಬರುತ್ತದೆ ಎಂದು ಬೆರಳು ಹುಡುಕಿಕೊಂಡಿರುತ್ತದೆ. ಶಿಷ್ಯರಲ್ಲಿ ನಾನು ದಿನಾ ನೋಡುವುದು ಇದನ್ನೇ. ವೀಣೆ ಅದೇ, ಆರು ತಿಂಗಳಲ್ಲಿ ನಾದ ಬೇರೆ.

ಹೊಸಗಿಟಾರ್ (ಮಂಡ್ಯ)

ತಂತಿ ಬದಲಾಯಿಸಿದೆ! ಆರುನೂರು ರೂಪಾಯಿ ಆಯಿತು. ರೂಮಿನವರು ಹೊಸ ಗಿಟಾರ್ ತಗೊಂಡೆಯಾ ಎಂದು ಕೇಳಿದರು. ಮೂರನೇ ತಂತಿ ಮಾತ್ರ ಶ್ರುತಿ ಮಾಡುವಾಗ ಟಿಕ್ ಎನ್ನುತ್ತದೆ, ನಿಲ್ಲುವುದಿಲ್ಲ. ಏನು ಮಾಡಲಿ?

ಬೀಟೆಮರ (ಮೈಸೂರು)

ನಟ್‌ನ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಗೆರೆಯಲ್ಲಿ ತಂತಿ ಸಿಕ್ಕಿಕೊಳ್ಳುತ್ತಿದೆ. ತಂತಿ ಸಡಿಲಿಸಿ, ಆ ಗೆರೆಯಲ್ಲಿ ಪೆನ್ಸಿಲ್ ಸೀಸ ನಾಲ್ಕು ಸಲ ಉಜ್ಜಿ, ಮತ್ತೆ ಶ್ರುತಿ ಮಾಡು. ಆಗಲೂ ಟಿಕ್ ಎಂದರೆ ಗೆರೆ ಕಿರಿದಾಗಿದೆ ಎಂದರ್ಥ. ಮೈಸೂರಿಗೆ ಬರುವಾಗ ತಗೊಂಡು ಬಾ, ಅರ ಹಾಕಿ ಕೊಡುತ್ತೇನೆ.

ಆರುತಂತಿ (ಮೈಸೂರು, ಕುವೆಂಪುನಗರ)

ಸಾಧನವನ್ನು ನಾಳೆ ಗೆಳೆಯನಿಗೆ ವಾಪಸ್ ಕೊಡುತ್ತಿದ್ದೇನೆ. ಎತ್ತಿಟ್ಟ ದುಡ್ಡಿನಲ್ಲಿ ಗಿಟಾರ್‌ಗೆ ಗಟ್ಟಿ ಪೆಟ್ಟಿಗೆ, ಮೂಳೆಯ ಸ್ಯಾಡಲ್ (ಕುದುರೆಯ ಮೇಲೆ ತಂತಿಗಳು ಕೂರುವ ಪಟ್ಟಿ), ನಾಲ್ಕು ಸೆಟ್ ತಂತಿ ತರುತ್ತೇನೆ. ಸ್ಯಾಡಲ್ ಹಾಕುವ ಮೊದಲು ಮತ್ತು ಆಮೇಲೆ ಅದೇ ಸೀಮೆಸುಣ್ಣದ ಗುರುತಿನಲ್ಲಿ ಕೂತು ರೆಕಾರ್ಡ್ ಮಾಡುತ್ತೇನೆ. ನಾಣ್ಯ ಮಗಳ ಹತ್ತಿರವೇ ಇದೆ. ಆದ ಮೇಲೆ ಇಲ್ಲೇ ಬರೆಯುತ್ತೇನೆ.